ಪೂಜೆಯೂ ಪೋಷಣೆಯೂ

ಮಹಾನವಮಿಯ ದಿನ ಕನ್ನಡನಾಡಿನ ಮನೆಗಳಲ್ಲಿ ಕತ್ತಿ, ಕುಡುಗೋಲು, ಹೊಲಿಗೆಯ ಯಂತ್ರ, ಬೈಸಿಕಲ್ಲು ಇವೆಲ್ಲವೂ ಪೂಜೆಗೊಳ್ಳುತ್ತವೆ. ಆ ಸಾಲಿಗೆ ಗಣಕಯಂತ್ರವೂ ಸೇರಿದುದು ಸಹಜವೇ ಸರಿ. ಆದರೆ ಕುಡುಗೋಲಿಗೆ ಕುಂಕುಮವಿಡುವ ರೈತನು ಅದಕ್ಕೆ ಮೊದಲು ತುಕ್ಕನ್ನು ಉಜ್ಜಿ ಅಲಗನ್ನು ಮಸೆದಿರುತ್ತಾನೆ. ಗಣಕಯಂತ್ರಕ್ಕೆ ಕುಂಕುಮವಿಡುವ ಗೃಹಸ್ಥನಾದರೋ ಕುಂಕುಮವನ್ನಷ್ಟೇ ಇಡುತ್ತಾನೆ.

ನಿವೃತ್ತ ಉಪಾಧ್ಯಾಯರಾದ ರಾಯರೊಬ್ಬರ ಮನೆಯಲ್ಲಿ ನಡೆದುದೂ ಇದೇ. ಹನ್ನೊಂದು ವರ್ಷಗಳಿಂದ ಅವರ ಮೇಜಿನ ಕೆಳಗೆ ನಿಂತಿದ್ದ ಆ ಪೆಟ್ಟಿಗೆಗೆ ವರ್ಷಕ್ಕೊಮ್ಮೆ ಗಂಧ, ಕುಂಕುಮ, ಅಕ್ಷತೆ, ಸೇವಂತಿಗೆಯ ಸರ ತಪ್ಪಿದುದಿಲ್ಲ; ಮುಚ್ಚಳವನ್ನು ತೆರೆದು ನೋಡಿದವರು ಮಾತ್ರ ಯಾರೂ ಇಲ್ಲ. ಅದರೊಳಗೆ ಇದ್ದುದಾದರೂ ಏನು? ವಿದ್ಯುತ್ತಿನ ಬಿಲ್ಲು, ಪಿಂಚಣಿಯ ಕಾಗದ, ಮೊಮ್ಮಕ್ಕಳ ಚಿತ್ರ. ಇವುಗಳೊಡನೆ, ದಿವಂಗತ ಪತ್ನಿಯವರು ತಮ್ಮ ತಾಯಿಯಿಂದ ಕಲಿತು, ಹಾಡಿ, ಧ್ವನಿಮುದ್ರಿಸಿಟ್ಟಿದ್ದ ನಲವತ್ತು ಸಂಪ್ರದಾಯದ ಹಾಡುಗಳು. ಪ್ರತಿ ಸಂಜೆಯೂ ಒಂದು ಹಾಡನ್ನು ಕೇಳಿದ ಬಳಿಕವೇ ರಾಯರು ದೇವರ ಮುಂದೆ ದೀಪ ಹಚ್ಚುತ್ತಿದ್ದರು.

2025ರ ಮಹಾನವಮಿ ಕಳೆದ ಮೂರನೆಯ ದಿನ ಹಾಡು ನಡುವೆಯೇ ನಿಂತಿತು. ಯಂತ್ರವು ಹಿಟ್ಟಿನ ಗಿರಣಿಯಂತೆ ಸದ್ದುಮಾಡಿ, ಕಾದು, ತಾನಾಗಿಯೇ ಆರಿಹೋಯಿತು. ಮತ್ತೆ ಹಚ್ಚಿದರೆ ಒಳಗಿನಿಂದ ಟಕ್ ಟಕ್ ಎಂಬ ಬೇರೊಂದು ಸಪ್ಪಳ. ರಾಯರು ಸೋದರಳಿಯನಿಗೆ ಹೇಳಿಕಳುಹಿಸಿದರು.

ಅಳಿಯನು ಬಂದವನೇ ಆ ಸಪ್ಪಳವನ್ನು ಕೇಳಿ ಯಂತ್ರವನ್ನು ಆರಿಸಿ, “ಮಾವ, ಅತ್ತೆಯ ಹಾಡುಗಳ ಇನ್ನೊಂದು ಪ್ರತಿ ಎಲ್ಲಿದೆ?” ಎಂದು ಕೇಳಿದನು.

“ಇನ್ನೊಂದೆ? ಇದರಲ್ಲೇ ಭದ್ರವಾಗಿದೆಯಲ್ಲಪ್ಪ,” ಎಂದರು ರಾಯರು.

ಮುಚ್ಚಳ ತೆರೆದಾಗ ಗಾಳಿಯ ಕಿಂಡಿಗೆ ಧೂಳು ಕಂಬಳಿಯಂತೆ ಹೊದ್ದಿತ್ತು. ಫ್ಯಾನಿನ ರೆಕ್ಕೆಗಳಿಗೆ ಕುಂಕುಮದ ಕೆಂಪು. ಕಿಂಡಿಯ ಅಂಚಿನಲ್ಲಿ ಎರಡು ಅಕ್ಷತೆಯ ಕಾಳು. ಗಾಳಿಯಾಡದಿದ್ದರೆ ಯಂತ್ರದ ಮಿದುಳು ಕಾಯುತ್ತದೆ. ಕಾದರೆ ತನ್ನನ್ನು ಉಳಿಸಿಕೊಳ್ಳಲು ಮೊದಲು ನಿಧಾನವಾಗುತ್ತದೆ, ಕಡೆಗೆ ನಿಂತುಬಿಡುತ್ತದೆ. ಅದು ಧೂಳಿನ ದೋಷ. ಟಕ್ ಟಕ್ ಎಂಬುದು ಡಿಸ್ಕಿನ ಮುಪ್ಪು. ನಿಮಿಷಕ್ಕೆ 7200 ಸಾರಿ ತಿರುಗುವ ತಟ್ಟೆಗಳ ಮೇಲೆ, ಕಣ್ಣಿಗೆ ಕಾಣದಷ್ಟು ಸಣ್ಣ ಅಂತರದಲ್ಲಿ ತೇಲುವ ಮುಳ್ಳು ಅಕ್ಷರವನ್ನು ಓದುತ್ತದೆ. ಅಂತಹ ಯಂತ್ರಕ್ಕೆ ಆಯುಸ್ಸು ಉಂಟು. ಅದು ಯಾವ ದಿನ ಮುಗಿಯುವುದೆಂದು ಮಾತ್ರ ಮೊದಲೇ ತಿಳಿಯದು.

ಅಳಿಯನು ಧೂಳನ್ನು ಮುಟ್ಟುವ ಮೊದಲೇ ಡಿಸ್ಕನ್ನು ಬಿಚ್ಚಿ, ತನ್ನ ಯಂತ್ರಕ್ಕೆ ಜೋಡಿಸಿ, ಹಾಡುಗಳನ್ನು ಒಂದೊಂದಾಗಿ ಪ್ರತಿಮಾಡಿದನು. ನಡುರಾತ್ರಿಯ ಹೊತ್ತಿಗೆ ಮೂವತ್ತೇಳು ಬಂದವು. ಮೂರು ಬರಲಿಲ್ಲ. ಆ ಮೂರರಲ್ಲಿ, ಮಗಳ ಮದುವೆಯಲ್ಲಿ ಹಾಡಿದ್ದ ಹಸೆಗೆ ಕರೆಯುವ ಹಾಡೂ ಒಂದು. ರಾಯರು ಏನನ್ನೂ ಹೇಳಲಿಲ್ಲ. ಆ ರಾತ್ರಿ ದೀಪ ಬಹಳ ತಡವಾಗಿ ಹತ್ತಿತು.

ಮರುದಿನ ಉಳಿದ ಕೆಲಸ. ವಿದ್ಯುತ್ತಿನ ತಂತಿಯನ್ನು ಕಿತ್ತು, ಮೆತ್ತನೆಯ ಕುಂಚದಿಂದ ಧೂಳನ್ನು ಗುಡಿಸಿ, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು ಗಾಳಿ ಊದಿದ್ದಾಯಿತು. ಸತ್ತ ಡಿಸ್ಕಿನ ಸ್ಥಾನಕ್ಕೆ ತಿರುಗುವ ಭಾಗಗಳಿಲ್ಲದ ಹೊಸ ಎಸ್‌ಎಸ್‌ಡಿ ಬಂದಿತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ಅಷ್ಟು ಹಳೆಯ ಯಂತ್ರವು ವಿಂಡೋಸ್ 11ಕ್ಕೆ ಅರ್ಹವಲ್ಲದ ಕಾರಣ ಅಳಿಯನು ಲಿನಕ್ಸನ್ನು ಹಾಕಿಕೊಟ್ಟನು. ಸುಧಾರಣೆಗಳು ಬಂದಾಗ “ನಾಳೆ” ಎನ್ನದೆ ಒಪ್ಪಿಕೊಳ್ಳಬೇಕು. ಡಿಸ್ಕನ್ನು ಕಂಠಮಟ್ಟ ತುಂಬಬಾರದು. ಬೇಡದ ತಂತ್ರಾಂಶಗಳು ಯಂತ್ರದೊಡನೆಯೇ ಎಚ್ಚರಗೊಳ್ಳದಂತೆ ತಡೆಯಬೇಕು. ಮುಖ್ಯವಾದುದಕ್ಕೆ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆಯ ಮನೆಯಲ್ಲಿ. ಇವಿಷ್ಟು ಅವನು ಹೇಳಿದ ನಿಯಮಗಳು.

ಕೊನೆಯ ನಿಯಮವು ರಾಯರಿಗೆ ಹೊಸದೇನೂ ಆಗಿರಲಿಲ್ಲ. ಪೊನ್ನನ ಶಾಂತಿಪುರಾಣವು ನಶಿಸದಿರಲೆಂದು ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಅದರ ಸಾವಿರ ಪ್ರತಿಗಳನ್ನು ಮಾಡಿಸಿದಳೆಂದು ಅವರೇ ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ್ದರು. ಓಲೆಗೆ ಎಣ್ಣೆ ಸವರುವುದು, ಹುಳು ಬೀಳದಂತೆ ಕಾಯುವುದು ಪೋಷಣೆಯೇ ಹೌದು. ಆದರೆ ಕಾವ್ಯವನ್ನು ಉಳಿಸಿದುದು ಓಲೆಯ ಗಟ್ಟಿತನವಲ್ಲ, ಓಲೆಯಿಂದ ಓಲೆಗೆ ಸಾಗಿದ ಕಂಠಪತ್ರದ ಶ್ರಮ. ಯಂತ್ರವನ್ನು ಶುಚಿಯಾಗಿಟ್ಟರೆ ಅದು ನಾಲ್ಕು ವರ್ಷ ಹೆಚ್ಚು ಬಾಳೀತು. ಅದರೊಳಗಿನದು ಬಾಳಬೇಕಾದರೆ ಪ್ರತಿಯಾಗಬೇಕು.

ರಾಯರು ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಅಮಾವಾಸ್ಯೆಗೂ ಒಂದು ಗುರುತು ಹಾಕಿದರು: ಅಂದು ಕಿಂಡಿಯ ಧೂಳು ತೆಗೆಯುವುದು, ಪ್ರತಿಮಾಡುವುದು. ಮೊದಲನೆಯದು ದೀಪಾವಳಿಯ ಅಮಾವಾಸ್ಯೆಯಂದೇ ಬಂದಿತು. ಹಾಡುಗಳ ಒಂದು ಪ್ರತಿ ಪರವೂರಿನ ಮಗಳ ಮನೆಗೆ ಹೋಯಿತು. ಆಕೆ ಕಳೆದುಹೋದ ಹಸೆಯ ಹಾಡನ್ನು ನೆನಪಿದ್ದಷ್ಟು ತಾನೇ ಹಾಡಿ ಕಳುಹಿಸಿದಳು. ಮೂರನೆಯ ನುಡಿ ಅವಳಿಗೆ ಬಾರದು. ಅಲ್ಲಿ ಸ್ವಲ್ಪ ಹೊತ್ತು ರಾಗ ಮಾತ್ರ ಕೇಳಿಸುತ್ತದೆ. ರಾಯರು ಅದನ್ನು ಮೂವತ್ತೆಂಟನೆಯದೆಂದು ಬರೆದುಕೊಂಡು, ಮತ್ತೆರಡು ಕಡೆ ಪ್ರತಿಮಾಡಿ, ಆಮೇಲೆ ದೀಪ ಹಚ್ಚಿದರು.