ಖಾಲಿ ಹೊಟ್ಟೆಯ ಲೆಕ್ಕ

ನಮ್ಮ ಮನೆತನಕ್ಕೆ ಶುಗರ್ ಹೊಸದಲ್ಲ. ಅಪ್ಪನಿಗಿದೆ, ದೊಡ್ಡಪ್ಪನಿಗಿತ್ತು, ಅಜ್ಜಿಯ ಕಾಲಿನ ಹೆಬ್ಬೆರಳು ಹೋದದ್ದೂ ಅದರಿಂದಲೇ. ಆದರೂ ಅದು ಐವತ್ತು ದಾಟಿದವರ ಕಾಯಿಲೆ, ಮೂವತ್ತೊಂದಕ್ಕೆ ಚೊಚ್ಚಲ ಬಸುರಿಯಾದ ನನಗೂ ಅದಕ್ಕೂ ಎಲ್ಲಿಯ ಸಂಬಂಧ ಎಂದೇ ಎಲ್ಲರ ಎಣಿಕೆ. ಮೂರನೇ ತಿಂಗಳ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಆರನೇ ತಿಂಗಳಲ್ಲಿ ಡಾಕ್ಟರಮ್ಮ ಇನ್ನೊಮ್ಮೆ ಬರೆದುಕೊಟ್ಟರು. ಲ್ಯಾಬಿನ ಹುಡುಗಿ 75 ಗ್ರಾಂ ಗ್ಲೂಕೋಸ್ ಪುಡಿಯನ್ನು ದೊಡ್ಡ ಲೋಟದ ನೀರಿಗೆ ಕಲಸಿ ಕೈಗಿಟ್ಟು, ನಿಧಾನ ಮಾಡದೆ ಕುಡಿದು ಮುಗಿಸಿ, ವಾಂತಿಯಾದರೆ ನಾಳೆ ಮತ್ತೆ ಬರಬೇಕಾಗುತ್ತೆ ಎಂದಳು. ಕುಡಿದು ಎರಡು ಗಂಟೆ ಬೆಂಚಿನ ಮೇಲೆ ಕೂತೆ. 140ರ ಒಳಗಿರಬೇಕಿತ್ತು, ನನ್ನದು 178.

ಈ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲೇ ಬರಬೇಕೆಂದಿಲ್ಲ, ತಿಂಡಿ ತಿಂದು ಬಂದವರಿಗೂ ಮಾಡುತ್ತಾರೆ. ಚೆನ್ನೈನ ಡಾ. ವಿ. ಶೇಷಯ್ಯ ಮತ್ತು ಅವರ ಸಂಗಡಿಗರು ರೂಪಿಸಿದ ಕ್ರಮವಂತೆ. ದೂರದ ಹಳ್ಳಿಯಿಂದ ಬಸ್ಸು ಹಿಡಿದು ಬಂದ ಬಸುರಿಗೆ ‘ನಾಳೆ ಹಸಿದುಕೊಂಡು ಬಾ’ ಎಂದರೆ ಅವಳು ಬರುವುದೇ ಇಲ್ಲವೆಂದು ಬಲ್ಲವರು ಮಾಡಿದ ಕೆಲಸ. ಶೇಷಯ್ಯನವರ ಹುಟ್ಟುಹಬ್ಬವಾದ ಮಾರ್ಚ್ 10 ಈಗ ಗರ್ಭಿಣಿಯರ ಮಧುಮೇಹದ ಅರಿವಿನ ದಿನ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆ ಹೊತ್ತಿಗೆ ಗೊತ್ತಿದ್ದದ್ದು 178 ಒಂದೇ.

“ನೀವು ಏನೋ ತಿಂದಿದ್ದರಿಂದ ಬಂದಿದ್ದಲ್ಲ ಇದು,” ಎಂದು ಡಾಕ್ಟರಮ್ಮ ಮೊದಲೇ ಹೇಳಿದರು. ಮಗುವಿಗೆ ಆಹಾರ ಸಾಗಿಸುವ ಮಾಸು ತನ್ನದೇ ಹಾರ್ಮೋನುಗಳನ್ನು ಬಿಡುತ್ತದೆ. ಅವು ತಾಯಿಯ ಇನ್ಸುಲಿನ್ನಿಗೆ ಅಡ್ಡಗಾಲು ಹಾಕುತ್ತವೆ. ಹೆಚ್ಚಿನ ಹೆಂಗಸರ ಮೇದೋಜೀರಕ ಗ್ರಂಥಿ ಅದಕ್ಕೆ ತಕ್ಕಂತೆ ಇನ್ನಷ್ಟು ಇನ್ಸುಲಿನ್ ಮಾಡಿಕೊಂಡು ಸುಧಾರಿಸುತ್ತದೆ, ಕೆಲವರದಕ್ಕೆ ಆಗುವುದಿಲ್ಲ. ತಾಯಿಯ ರಕ್ತದ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ, ಇನ್ಸುಲಿನ್ ದಾಟುವುದಿಲ್ಲ. ಹಾಗಾಗಿ ಮಗು ತನ್ನ ಪಾಡಿಗೆ ತಾನೇ ಹೆಚ್ಚು ಇನ್ಸುಲಿನ್ ಮಾಡಿಕೊಂಡು, ಬಂದ ಸಕ್ಕರೆಯನ್ನೆಲ್ಲ ಮೈಗೆ ಹಚ್ಚಿಕೊಂಡು ದಪ್ಪವಾಗುತ್ತದೆ. ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳಬಹುದು. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಸಕ್ಕರೆ ನಿಲ್ಲುತ್ತದೆ, ಆದರೆ ಅದರ ಇನ್ಸುಲಿನ್ ನಿಲ್ಲುವುದಿಲ್ಲ. ಆಗ ಮಗುವಿನ ಶುಗರ್ ಇಳಿಯಬಹುದು. ಆ ಕೊನೆಯ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಅಮ್ಮ ಫೋನಿನಲ್ಲಿ ಯಾರ ಕಣ್ಣು ಬಿತ್ತೋ ಎಂದಳು. ಎದುರುಮನೆಯವರು “ಬಯಕೆ ಅಂತ ಸಿಹಿ ಜಾಸ್ತಿ ತಿಂದ್ರೇನೋ” ಎಂದರು. ಬಹಳ ವರ್ಷಗಳಿಂದ ಶುಗರ್ ಮಾತ್ರೆ ನುಂಗುತ್ತಿರುವ ಅತ್ತೆ ಮಾತ್ರ ಧೈರ್ಯವಾಗಿದ್ದರು: “ನಾನಿದೀನಲ್ಲ, ಬಿಡಮ್ಮ.” ಆದರೆ ಅವರ ಲೆಕ್ಕ ಬೇರೆ, ನನ್ನದು ಬೇರೆ ಎಂದು ಬೇಗನೆ ತಿಳಿಯಿತು. ನನಗೆ ಖಾಲಿ ಹೊಟ್ಟೆಯಲ್ಲಿ 95ರ ಒಳಗೆ, ಊಟ ಶುರುಮಾಡಿ ಒಂದು ಗಂಟೆಗೆ 140ರ ಒಳಗೆ, ಎರಡು ಗಂಟೆಗೆ 120ರ ಒಳಗೆ ಇರಬೇಕಿತ್ತು. “ನಂಗೆ 130 ಬಂದ್ರೆ ಡಾಕ್ಟ್ರು ಶಭಾಷ್ ಅಂತಾರೆ, ನಿಂಗೆ ನೂರಕ್ಕೇ ಮುಖ ಗಂಟು ಹಾಕ್ತಾರಲ್ಲಮ್ಮ!” ಎಂದು ಅವರಿಗೆ ಕೊನೆಯವರೆಗೂ ಆಶ್ಚರ್ಯ.

ಆಸ್ಪತ್ರೆಯಲ್ಲಿ ಕೊಟ್ಟ ಊಟದ ಪಟ್ಟಿಯಲ್ಲಿ ಓಟ್ಸ್, ಬ್ರೌನ್ ಬ್ರೆಡ್, ಸಲಾಡ್ ಎಂದಿತ್ತು. ಮೈಸೂರಿನ ಅಡುಗೆಮನೆಯೊಂದನ್ನು ಕಣ್ಣಾರೆ ನೋಡಿದ ಯಾರೂ ಬರೆದ ಪಟ್ಟಿಯಲ್ಲ ಅದು. ಅತ್ತೆ ಅದನ್ನು ಮಡಿಚಿ ಡಬ್ಬಿಯ ಕೆಳಗೆ ಇಟ್ಟು, ರಾಗಿ ಇದೆಯಲ್ಲ ಎಂದರು. ಶುಗರ್‌ಗೆ ರಾಗಿ ರಾಮಬಾಣವೆಂದು ನಮ್ಮ ಕಡೆ ಎಲ್ಲರೂ ನಂಬಿದ್ದಾರೆ. ಮೊದಲ ದಿನದ ತಿಂಡಿಗೆ ನುಣ್ಣಗೆ ಬೀಸಿದ ಹಿಟ್ಟಿನ ಅಂಬಲಿ, ಮಜ್ಜಿಗೆ ಬೆರೆಸಿ. ಒಂದು ಗಂಟೆಗೆ 168! ಅತ್ತೆ ಮೀಟರ್ರೇ ಸರಿಯಿಲ್ಲ ಎಂದರು. ಅದೇ ಹಿಟ್ಟಿಗೆ ಈರುಳ್ಳಿ, ಸಬ್ಬಸಿಗೆ ಸೊಪ್ಪು, ಬೇಯಿಸಿದ ಅವರೆಕಾಳು ಹಾಕಿ ರೊಟ್ಟಿ ತಟ್ಟಿದ ದಿನ 131. ಪುಟ್ಟ ಮುದ್ದೆಗೆ ಹುರುಳಿಕಾಳಿನ ಬಸ್ಸಾರು, ಪಲ್ಯ ಒಂದು ಬಟ್ಟಲು ಇದ್ದರೆ 128. ಹಿಟ್ಟು ನುಣ್ಣಗಾದಷ್ಟೂ, ಗಂಜಿ ತೆಳ್ಳಗಾದಷ್ಟೂ ಸಕ್ಕರೆ ಬೇಗ ರಕ್ತಕ್ಕಿಳಿಯುತ್ತದೆ. ಸೊಪ್ಪು, ಕಾಳು ಜೊತೆಗಿದ್ದರೆ ತಡೆಯುತ್ತದೆ. ಮೊದಲು ಪಲ್ಯ, ಕಾಳು ತಿಂದು ಅನ್ನವನ್ನು ಕೊನೆಗೆ ತಿಂದರೆ ಅದೇ ಅನ್ನಕ್ಕೆ ಸಂಖ್ಯೆ ಕಡಿಮೆ ಬರುತ್ತಿತ್ತು. ಎರಡು ಇಡ್ಲಿಗೆ ಏರುತ್ತಿದ್ದದ್ದು ಎರಡು ಪೆಸರಟ್ಟಿಗೆ ಏರುತ್ತಿರಲಿಲ್ಲ. ಸ್ವಲ್ಪ ದಿನಗಳಲ್ಲಿ ಅತ್ತೆಗೆ ಇದರ ಹುಚ್ಚು ಹಿಡಿಯಿತು. ಯಾವ ಅಡುಗೆಗೆ ಎಷ್ಟು ಬರಬಹುದೆಂದು ಮೊದಲೇ ಹೇಳಿ, ಮೀಟರ್ ನೋಡಲು ಕನ್ನಡಕ ಹಾಕಿಕೊಂಡು ಬಂದು ಕೂರುತ್ತಿದ್ದರು. ಒಂದು ಸ್ಟ್ರಿಪ್ಪಿಗೆ ಇಪ್ಪತ್ತು ರೂಪಾಯಿಯ ಆಜುಬಾಜು. ದಿನಕ್ಕೆ ನಾಲ್ಕರಂತೆ ಲೆಕ್ಕ ಹಾಕಿದರೆ ಇದು ಎಲ್ಲ ಮನೆಗಳಿಗೂ ಎಟುಕುವ ಆಟವಲ್ಲ ಎಂಬುದೂ ನನಗೆ ಗೊತ್ತಿತ್ತು.

ನಾನು ಹೈಸ್ಕೂಲ್ ಟೀಚರ್. ಮಧ್ಯಾಹ್ನದ ಊಟದ ನಂತರದ ಪರೀಕ್ಷೆ ಸರಿಯಾಗಿ ಒಂದು ಪೀರಿಯಡ್ಡಿನ ನಡುವೆ ಬೀಳುತ್ತಿತ್ತು. ಮಕ್ಕಳಿಗೆ ಬರೆಯಲು ಕೊಟ್ಟು ಸ್ಟಾಫ್ ರೂಮಿಗೆ ಹೋಗಿ, ಸೋಪಿನಲ್ಲಿ ಕೈ ತೊಳೆದು, ಬೆರಳಿನ ತುದಿಯ ಪಕ್ಕಕ್ಕೆ ಚುಚ್ಚಿಕೊಳ್ಳುತ್ತಿದ್ದೆ. ತುದಿಯ ನಡುವಿಗಿಂತ ಪಕ್ಕದಲ್ಲಿ ನೋವು ಕಡಿಮೆ. ಚುಚ್ಚಿದ ಬೆರಳಿನಲ್ಲಿ ಸೀಮೆಸುಣ್ಣ ಹಿಡಿದರೆ ಉರಿಯುತ್ತದೆಂದು ಎಡಗೈ ಬೆರಳುಗಳನ್ನಷ್ಟೇ ಸರದಿಯಂತೆ ಬಳಸುತ್ತಿದ್ದೆ.

ಸೀಮಂತದ ದಿನ ಇದಕ್ಕಿಂತ ಕಷ್ಟವಾಗಿತ್ತು. ಮಡಿಲಕ್ಕಿ, ಬಳೆ, ಹೂವು, ಜೊತೆಗೆ ತಂಬಿಟ್ಟು, ಚಿಗಳಿ, ಹೋಳಿಗೆ, ನಾಲ್ಕೈದು ಬಗೆಯ ಅನ್ನ. ಆರತಿ ಮಾಡಿದ ಪ್ರತಿಯೊಬ್ಬರಿಗೂ ನನ್ನ ಬಾಯಿಗೆ ಏನಾದರೂ ಇಡಲೇಬೇಕು. “ಒಂದು ಚೂರು ಕಣೇ, ಒಂದು ಚೂರಿಗೆ ಏನಾಗಲ್ಲ.” ಮೂವತ್ತು ಮಂದಿಯ ಒಂದೊಂದು ಚೂರು ಸೇರಿದರೆ ಎಷ್ಟಾಗುತ್ತದೆಂದು ಲೆಕ್ಕ ಹಾಕುವವರು ಯಾರು? ಬೇಡ ಎಂದರೆ ಚಿಕ್ಕಮ್ಮನ ಮುಖ ಬಾಡುತ್ತಿತ್ತು. ನಮ್ಮಲ್ಲಿ ಬಸುರಿಯನ್ನು ಪ್ರೀತಿಸುವುದೆಂದರೆ ಅವಳ ಬಾಯಿಗೆ ಇಡುವುದೇ. ಬೇರೆ ದಾರಿ ಯಾರಿಗೂ ಕಲಿಸಿಲ್ಲ. ಕೊನೆಗೆ ಅತ್ತೆ ಪಕ್ಕಕ್ಕೆ ಬಂದು ಕೂತು, “ತುಟಿಗೆ ಮುಟ್ಟಿಸಿ ಈ ಡಬ್ಬಿಗೆ ಹಾಕಿ, ಹೆತ್ತ ಮೇಲೆ ಎಲ್ಲಾನೂ ತಿಂತಾಳೆ” ಎಂದು ಸ್ಟೀಲ್ ಡಬ್ಬಿಯೊಂದನ್ನು ತೊಡೆಯ ಮೇಲಿಟ್ಟುಕೊಂಡರು.

ಅಪ್ಪ ನಂಜನಗೂಡಿನ ಹತ್ತಿರದ ಊರಿನಿಂದ ರಸಬಾಳೆ ತಂದಿದ್ದ. ಈಗ ಆ ಬಾಳೆ ಬೆಳೆಯುವವರೇ ಕಡಿಮೆ, ರೋಗ ಬಂದು ತೋಟಗಳು ಹೋಗಿವೆ. ಅಪ್ಪ ಯಾರನ್ನೋ ಕಾಡಿಬೇಡಿ ಒಂದು ಚಿಪ್ಪು ಹೊಂದಿಸಿದ್ದ. ಅದನ್ನು ಬೇಡ ಎನ್ನಲು ನನ್ನಿಂದಾಗಲಿಲ್ಲ. ಮಾರನೆಯ ದಿನ ಸಂಜೆ ಅರ್ಧ ಹಣ್ಣನ್ನು ಒಂದು ಹಿಡಿ ಕಡಲೆಕಾಯಿ ಬೀಜದ ಜೊತೆ ತಿಂದು, ಒಂದು ಗಂಟೆಗೆ ಅವನ ಎದುರಿಗೇ ನೋಡಿದೆ. 136. ಅಪ್ಪ ಚಿಪ್ಪಿನಲ್ಲಿ ಉಳಿದ ಹಣ್ಣುಗಳನ್ನು ಎಣಿಸಿ, ಇನ್ನೆಷ್ಟು ಸಂಜೆಗಾಗುತ್ತದೆಂದು ಹೇಳಿದ.

ಊಟದ ನಂತರದ ಸಂಖ್ಯೆಗಳೆಲ್ಲ ಹೀಗೆ ಹಿಡಿತಕ್ಕೆ ಬಂದವು. ಖಾಲಿ ಹೊಟ್ಟೆಯದು ಮಾತ್ರ ಬರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ 102, 99, 106. ರಾತ್ರಿ ಊಟ ಬೇಗ ಮಾಡಿದೆ, ಊಟದ ಮೇಲೆ ಇವರ ಜೊತೆ ಬೀದಿಯುದ್ದಕ್ಕೂ ನಡೆದೆ, ಮಲಗುವ ಮುಂಚೆ ಸಕ್ಕರೆಯಿಲ್ಲದ ಹಾಲು ಕುಡಿದು ನೋಡಿದೆ, ಬಿಟ್ಟು ನೋಡಿದೆ. ಅದು ತನ್ನ ಪಾಡಿಗೆ ನೂರರ ಆಚೀಚೆ ನಿಂತಿತ್ತು. ಬೆಳಿಗ್ಗೆ ಆರಕ್ಕೆ ಮೀಟರ್ ಕೂಗುವುದನ್ನು ಇಡೀ ಮನೆ ಕಾಯುತ್ತಿತ್ತು, ಪರೀಕ್ಷೆಯ ಫಲಿತಾಂಶ ಕಾಯುವ ಹಾಗೆ. ಇವರು ನೋಟ್‌ಬುಕ್ ಹಿಡಿದು ನಿಂತಿರುತ್ತಿದ್ದರು. “ರಾತ್ರಿ ಏನ್ ತಿಂದ್ಯಮ್ಮ?” ಎಂದು ಒಳಗಿನಿಂದ ಅತ್ತೆ. ತಾವೇ ಬಡಿಸಿದ್ದು ಅವರಿಗೂ ಗೊತ್ತು. ಆದರೂ ಕೇಳುತ್ತಿದ್ದರು, ಕೇಳಿದಾಗಲೆಲ್ಲ ನನಗೆ ಕದ್ದು ತಿಂದವಳಂತೆ ಅನಿಸುತ್ತಿತ್ತು. ತಿನ್ನದೇ ಇದ್ದದ್ದಕ್ಕೆ ಉತ್ತರ ಕೊಡುವುದು ಹೇಗೆ? ನಿದ್ದೆಯಲ್ಲೂ ಆ ಸಂಖ್ಯೆಯ ಭಯವಿತ್ತು.

ನೋಟ್‌ಬುಕ್ ನೋಡಿದ ಡಾಕ್ಟರಮ್ಮ, ಊಟ ಇನ್ನೂ ಕಡಿಮೆ ಮಾಡಲಾ ಎಂದು ನಾನು ಕೇಳಿದ್ದಕ್ಕೆ ಖಂಡಿತ ಬೇಡವೆಂದರು. ರಾತ್ರಿ ನಾವು ತಿನ್ನದಿದ್ದರೂ ಪಿತ್ತಜನಕಾಂಗ ಸಕ್ಕರೆ ಬಿಡುತ್ತಲೇ ಇರುತ್ತದೆ, ಅದನ್ನು ಅಂಕೆಯಲ್ಲಿಡಬೇಕಾದ್ದು ಇನ್ಸುಲಿನ್, ನನ್ನಲ್ಲಿ ಅದೇ ಸಾಲುತ್ತಿಲ್ಲ. ಮಾತ್ರೆಯೂ ಇದೆ, ಆದರೆ ಅದು ಮಾಸನ್ನು ದಾಟುತ್ತದೆ, ಇನ್ಸುಲಿನ್ ದಾಟುವುದಿಲ್ಲ. ರಾತ್ರಿ 6 ಯೂನಿಟ್‌ನಿಂದ ಶುರುಮಾಡೋಣ ಎಂದರು.

ಅಮ್ಮ ಅತ್ತಳು. ಸೂಜಿ ಹಿಡಿದವರು ಜೀವಮಾನ ಬಿಡುವುದಿಲ್ಲ ಎಂಬುದು ಅವಳ ಭಯ. ಅಜ್ಜಿಯ ಕೊನೆಗಾಲದಲ್ಲಿ ಅವಳು ಕಂಡದ್ದು ಅದನ್ನೇ. ಅಜ್ಜಿಗೆ ಸೂಜಿ ಬಂದದ್ದು ಕಾಯಿಲೆ ಕೈಮೀರಿದ ಮೇಲೆ. ಹೆಬ್ಬೆರಳು ಹೋದದ್ದಕ್ಕೆ ಕಾಯಿಲೆಯ ಬದಲು ಸೂಜಿಯೇ ಕಾರಣವೆಂದು ನಮ್ಮ ಮನೆಯವರು ತೀರ್ಮಾನಿಸಿಬಿಟ್ಟಿದ್ದರು.

ನನಗೆ ಬರೆದುಕೊಟ್ಟ ಇನ್ಸುಲಿನ್ ಬೆಳ್ಳಗೆ ಕದಡಿಕೊಂಡಿರುತ್ತದೆ. ಪೆನ್ನನ್ನು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ ಒಂದೇ ಸಮ ಮಾಡಿಕೊಳ್ಳಬೇಕು. ಇನ್ನೂ ಬಳಕೆಗೆ ತೆಗೆಯದ ಪೆನ್ನನ್ನು ಫ್ರಿಜ್ಜಿನಲ್ಲಿಡಬೇಕು, ಫ್ರೀಜರಿನಲ್ಲಲ್ಲ. ಸೂಜಿ 4 ಮಿಲಿಮೀಟರ್. ಹೊಟ್ಟೆಗೆ ಚುಚ್ಚಿಕೊಂಡರೆ ಮಗುವಿಗೆ ತಾಗುತ್ತದೇನೋ ಎಂದು ನಾನು ಕೇಳುವ ಮೊದಲೇ ಸಿಸ್ಟರ್ ಹೇಳಿದರು: “ಚರ್ಮದ ಕೆಳಗಿನ ಕೊಬ್ಬನ್ನೇ ಅದು ದಾಟಲ್ಲ. ಹೆದರಿಕೆಯಾದ್ರೆ ತೊಡೆಗೆ ಹಾಕ್ಕೊಳ್ಳಿ.” ತೊಡೆಗೇ ಹಾಕಿಕೊಂಡೆ. ಒತ್ತಿ, ಹತ್ತು ಎಣಿಸಿ, ತೆಗೆದೆ. ಬೆರಳಿಗೆ ಚುಚ್ಚುವುದರ ಅರ್ಧ ನೋವೂ ಇರಲಿಲ್ಲ.

ಒಂದೇ ವಾರದಲ್ಲಿ ಬೆಳಗಿನ ಸಂಖ್ಯೆ 91ಕ್ಕೆ ಬಂತು. ಅಂದು ನನಗಾದ ನಿರಾಳವನ್ನು ಅಮ್ಮನಿಗೆ ತಿಳಿಸಿ ಹೇಳಲು ಆಗಲೇ ಇಲ್ಲ. ಅವಳು ಸೂಜಿಯನ್ನು ಸೋಲು ಎಂದುಕೊಂಡಿದ್ದಳು. ನನಗೆ ಆ ಸೂಜಿಯಿಂದಲೇ ವಿಚಾರಣೆ ನಿಂತಿತ್ತು. ಈಗ ಸಂಖ್ಯೆ ಏರಿದರೆ ಯೂನಿಟ್ ಏರಿಸಬೇಕು, ಅಷ್ಟೇ. ರಾತ್ರಿ ಏನು ತಿಂದೆ ಎಂದು ಯಾರೂ ಕೇಳುವಂತಿಲ್ಲ. 6 ಯೂನಿಟ್ 10 ಆಯಿತು, 14 ಆಯಿತು, ಒಂಬತ್ತನೇ ತಿಂಗಳ ಹೊತ್ತಿಗೆ 20. ಏರುತ್ತಿರುವುದು ಕಾಯಿಲೆಯಲ್ಲ, ಮಾಸು ಬೆಳೆಯುತ್ತಿದೆ, ಅದರ ಹಾರ್ಮೋನು ಏರುತ್ತಿದೆ.

ನಡುವೆ ಮಧ್ಯಾಹ್ನದ ಊಟಕ್ಕೂ ಸ್ವಲ್ಪ ಇನ್ಸುಲಿನ್ ಸೇರಿಸಿದರು. ಒಂದು ದಿನ ಪಾಠದ ನಡುವೆ ಕೈ ನಡುಗಿತು, ಬೆವರು ಕಿತ್ತುಕೊಂಡಿತು, ಬೋರ್ಡಿನ ಮೇಲಿನ ಅಕ್ಷರ ಎರಡೆರಡಾಗಿ ಕಂಡಿತು. 58. ಸಕ್ಕರೆ ಮುಟ್ಟಬಾರದ ನನ್ನ ಬ್ಯಾಗಿನಲ್ಲಿ ಇಂಥ ಹೊತ್ತಿಗೆಂದೇ ಸಕ್ಕರೆಯ ಪೊಟ್ಟಣ ಸದಾ ಇರುತ್ತಿತ್ತು. ಮೂರು ಚಮಚ ನೀರಿಗೆ ಕಲಸಿ ಕುಡಿದು, ಹದಿನೈದು ನಿಮಿಷ ಕಳೆದು ಮತ್ತೆ ನೋಡಿದರೆ 84. ಸಂಜೆ ಫೋನ್ ಮಾಡಿದಾಗ ಡಾಕ್ಟರಮ್ಮ ಮಧ್ಯಾಹ್ನದ ಯೂನಿಟ್ ಇಳಿಸಿದರು.

ನಮ್ಮ ಶಾಲೆಯ ಬಯಾಲಜಿ ಮೇಡಂ ಹೇಳಿದ ಸಂಗತಿಯೊಂದು ಆ ದಿನಗಳಲ್ಲಿ ಬಹಳ ಕಾಡಿತು. ನಮ್ಮೂರಿನಲ್ಲೇ, ಹಳೇ ಮೈಸೂರಿನವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟ ದಾಖಲೆಗಳಿದ್ದವು. ಅವನ್ನು ಹಿಡಿದು ಆ ಮಕ್ಕಳು ದೊಡ್ಡವರಾದ ಮೇಲೆ ಯಾರಿಗೆ ಮಧುಮೇಹ ಬಂತೆಂದು ಸಂಶೋಧಕರು ಹುಡುಕಿದರು. ಆಮೇಲೆ 1997–98ರಲ್ಲಿ ಅಲ್ಲಿಗೆ ಬಂದ ಬಸುರಿಯರನ್ನೇ ಪರೀಕ್ಷಿಸಿದಾಗ ನೂರಕ್ಕೆ ಆರು ಮಂದಿಯಲ್ಲಿ ಈ ಬಸುರಿನ ಶುಗರ್ ಸಿಕ್ಕಿತು. ಅವರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಮಕ್ಕಳ ಮೈಯಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಕೊಬ್ಬು ಹೆಚ್ಚಿತ್ತು. ಕೇಳಿದ ಮೇಲೆ ಬೇಸರದ ರಾತ್ರಿಗಳಲ್ಲೂ ನಾನು ಊಟದ ಮೇಲಿನ ನಡಿಗೆ ತಪ್ಪಿಸಲಿಲ್ಲ.

39ನೇ ವಾರಕ್ಕೆ ನೋವು ಬರಿಸಿದರು. ಒಂದೊಂದು ಗಂಟೆಗೂ ಬೆರಳು. ಬೆಳಗಿನ ಜಾವ ಮಗಳು ಹುಟ್ಟಿದಳು, 3.2 ಕೆ.ಜಿ. ಭುಜ ಎಲ್ಲೂ ಸಿಕ್ಕಲಿಲ್ಲ. ಎದೆಗೆ ಹಚ್ಚಿದರು, ಅವಳಿಗೆ ಚೀಪಲು ಇನ್ನೂ ಬಾರದು. ಹಿಮ್ಮಡಿಗೆ ಚುಚ್ಚಿ ನೋಡಿದರೆ 39. ನನ್ನ ತಲೆಯಲ್ಲಿ ತಿಂಗಳುಗಟ್ಟಲೆ ಕೂತಿದ್ದದ್ದು ಇದೇ. ಸಿಸ್ಟರ್ ಗಾಬರಿಯಾಗಲಿಲ್ಲ. ನನ್ನ ಎದೆಯಿಂದ ಕೈಯಲ್ಲೇ ಹಿಂಡಿದ ಮೊದಲ ಹಾಲನ್ನು ಒಳಲೆಯಲ್ಲಿ ತೊಟ್ಟುತೊಟ್ಟಾಗಿ ಕುಡಿಸಿದರು. ಮತ್ತೆ ನೋಡಿದಾಗ 55. ಆಮೇಲೆ ಪ್ರತಿ ಹಾಲಿನ ಮುಂಚೆ ನೋಡುತ್ತಾ ಹೋದರು, ಇಳಿಯಲಿಲ್ಲ. ಅವಳ ಹಿಮ್ಮಡಿಯ ಆ ಕೆಂಪು ಚುಕ್ಕೆಗಳನ್ನು ನೋಡಿ ನಾನು ಅತ್ತಷ್ಟು, ನನಗೆ ಚುಚ್ಚಿಕೊಂಡ ಅಷ್ಟೂ ಕಾಲದಲ್ಲಿ ಅತ್ತಿರಲಿಲ್ಲ.

ಮಾಸು ಬಿದ್ದ ಮೇಲೆ ನನಗೆ ಇನ್ಸುಲಿನ್ ಹಾಕಲೇ ಇಲ್ಲ. ಮಾರನೆಯ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 86. ಅಮ್ಮ ಅದನ್ನು ಎರಡು ಸಲ ಓದಿಸಿಕೊಂಡಳು. ಸೀಮಂತದ ಡಬ್ಬಿಯ ಮಾತನ್ನು ಮರೆಯದ ಅತ್ತೆ ತಂಬಿಟ್ಟು ಮಾಡಿ ತಂದರು.

ಬಾಣಂತನದಲ್ಲಿ ಅಮ್ಮನಿಗೂ ನನಗೂ ತುಪ್ಪದ ವಿಷಯಕ್ಕೆ, ಅಂಟಿನುಂಡೆಯ ವಿಷಯಕ್ಕೆ ಜಗಳಗಳಾದವು. ಹೋಯಿತಲ್ಲ, ಇನ್ನೇನು ಎಂದು ಅವಳು. ಆರು ವಾರಕ್ಕೆ ಮತ್ತೆ ಅದೇ 75 ಗ್ರಾಂ ಗ್ಲೂಕೋಸ್ ಕುಡಿಯಬೇಕು. ಬಹಳ ಮಂದಿ ಈ ಪರೀಕ್ಷೆಗೆ ಬರುವುದೇ ಇಲ್ಲ ಎಂದು ಲ್ಯಾಬಿನ ಹುಡುಗಿ ಹೇಳಿದಳು. ಎಳೆಗೂಸನ್ನು ಬಿಟ್ಟು ಎರಡು ಗಂಟೆ ಬೆಂಚಿನ ಮೇಲೆ ಕೂರುವುದು ಯಾರಿಗಾದರೂ ಕಷ್ಟವೇ. ನಾನು ಮಗಳನ್ನೂ ಅಮ್ಮನನ್ನೂ ಕರೆದುಕೊಂಡು ಹೋಗಿ ಅಲ್ಲೇ ಹಾಲು ಕುಡಿಸಿದೆ. ಖಾಲಿ ಹೊಟ್ಟೆಗೆ 90, ಎರಡು ಗಂಟೆಗೆ 132. ಈಗ ಶುಗರ್ ಇಲ್ಲ, ಆದರೆ ನನ್ನಂಥವರಲ್ಲಿ ಬಹಳ ಮಂದಿಗೆ ಮುಂದೆ ಅದು ಬಂದೇ ಬರುತ್ತದೆ, ವರ್ಷಕ್ಕೊಮ್ಮೆ ನೋಡಿಸಿಕೊಳ್ಳಿ, ನಡಿಗೆ ಬಿಡಬೇಡಿ ಎಂದರು ಡಾಕ್ಟರಮ್ಮ. ಮರೆಯದಿರಲೆಂದು ಮಗಳ ಹುಟ್ಟುಹಬ್ಬದ ವಾರಕ್ಕೇ ಅದನ್ನು ಗಂಟುಹಾಕಿಕೊಂಡಿದ್ದೇನೆ. ಅತ್ತೆಯೂ ಅಂದೇ ಬಂದು ತಮ್ಮದನ್ನೂ ಮಾಡಿಸಿಕೊಳ್ಳುತ್ತಾರೆ. ಕಳೆದ ಸಲ ಅವರದ್ದು 128, ನನ್ನದು 97. ಮನೆಗೆ ಬಂದು ನಾವಿಬ್ಬರೂ ರಾತ್ರಿಯ ಅನ್ನವನ್ನು ಸ್ವಲ್ಪ ಕಡಿಮೆ ಮಾಡಿದೆವು.