ಮೊಮ್ಮಗಳ ಆಟವೂ ನನ್ನ ಪ್ರಮಾದವೂ

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಅದರ ಮೂಲದಲ್ಲಿಯೇ ಇರಿಸಿದ್ದಾರೆ. ದಶಲಕ್ಷಣ ಪರ್ವದ ದಿನಗಳಲ್ಲಿ ಬಸದಿಯ ಸಭೆಯಲ್ಲಿ ಈ ವಿಷಯವಾಗಿ ನಾನು ಹಲವು ಬಾರಿ ಮಾತನಾಡಿದ್ದುಂಟು. ಆದರೆ ಅದು ನನಗೆ ಮನದಟ್ಟಾದದ್ದು ಇಪ್ಪತ್ತು ತಿಂಗಳ ಮೊಮ್ಮಗಳಿಂದ.

ಮೂಡಿಗೆರೆಯಲ್ಲಿ ನಮ್ಮದು ಕಾಫಿ ಮತ್ತು ಕಾಳುಮೆಣಸಿನ ವ್ಯಾಪಾರ. ಕಳೆದ ಕೊಯ್ಲಿನ ಕಾಲದಲ್ಲಿ ಒಂದು ದಿನ, ಮಾದರಿಗೆಂದು ಬಂದಿದ್ದ ಕಾಫಿ ಬೀಜಗಳನ್ನು ತಟ್ಟೆಯಲ್ಲಿ ಹರಡಿ ಜಗಲಿಯ ಮೇಲೆ ಮಗುವಿನ ಮುಂದಿಟ್ಟೆ. ಹೆಬ್ಬೆರಳು, ತೋರುಬೆರಳುಗಳ ನಡುವೆ ಒಂದೊಂದೇ ಬೀಜವನ್ನು ಹಿಡಿದು ಅವಳು ಲೋಟಕ್ಕೆ ಹಾಕುವುದನ್ನು ಕಂಡು, ಈಗಲೇ ಸರಕು ಆರಿಸುತ್ತಾಳಲ್ಲ ಎಂದು ಹಿಗ್ಗಿದೆ. ಅಷ್ಟರಲ್ಲಿ ಧಾರಣೆ ವಿಚಾರಿಸಿ ಯಾರೋ ದೂರವಾಣಿ ಕರೆ ಮಾಡಿದರು. ಎದ್ದು ಒಳಗೆ ಹೋದೆ. ಐದು ನಿಮಿಷ ಆಗಿರಬಹುದು. ಹಿಂತಿರುಗಿ ಬಂದಾಗ ಮಗು ಮೂಗನ್ನು ಉಜ್ಜಿಕೊಂಡು ಅಳುತ್ತಿತ್ತು.

ಬೆರಳು ಹಾಕಿ ತೆಗೆಯಹೋದವನೂ ನಾನೇ. ಬೀಜ ಮತ್ತಷ್ಟು ಒಳಗೆ ಸರಿಯಿತು. ಚಿಕ್ಕಮಗಳೂರಿನವರೆಗಿನ ಸುಮಾರು 30 ಕಿ.ಮೀ. ದಾರಿಯಲ್ಲಿ ಸೊಸೆ ಮಗುವನ್ನು ಅಪ್ಪಿಕೊಂಡು ಕುಳಿತಿದ್ದಳು. ನನಗೆ ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ಲೇಸಿತ್ತು. ಬಾಬಾಬುಡನ್ ಈ ಗಿರಿಗಳಿಗೆ ಏಳು ಬೀಜಗಳನ್ನು ತಂದರೆಂಬುದು ಪ್ರತೀತಿ. ನಮ್ಮ ಮನೆಯನ್ನು ತಲ್ಲಣಗೊಳಿಸಲು ಒಂದೇ ಸಾಕಾಯಿತು.

ವೈದ್ಯರು ಬೀಜವನ್ನು ಕ್ಷಣಮಾತ್ರದಲ್ಲಿ ತೆಗೆದರು. ಇಂತಹ ಬೀಜ ತೇವಕ್ಕೆ ಉಬ್ಬುತ್ತದೆಂದೂ, ಮೂಗಿನ ಬದಲು ಶ್ವಾಸನಾಳಕ್ಕೆ ಇಳಿದಿದ್ದರೆ ಮಾತೇ ಬೇರೆಯಾಗುತ್ತಿತ್ತೆಂದೂ ಹೇಳಿದರು. ಆಟಿಕೆಗಳ ಪರೀಕ್ಷೆಗೆ ಸುಮಾರು 32 ಮಿ.ಮೀ. ವ್ಯಾಸದ ಒಂದು ಗಿಡ್ಡ ಕೊಳವೆಯನ್ನು ಬಳಸುತ್ತಾರಂತೆ. ಅದರೊಳಗೆ ಪೂರ್ತಿಯಾಗಿ ಅಡಗುವ ಯಾವ ವಸ್ತುವೂ ಮೂರು ವರ್ಷದೊಳಗಿನ ಮಕ್ಕಳ ಕೈಗೆ ಸಲ್ಲದು. ರಿಮೋಟುಗಳಲ್ಲಿರುವ ಗುಂಡಿಯಾಕಾರದ ಬ್ಯಾಟರಿಯಂತೂ ಗಂಟಲಲ್ಲಿ ಸಿಕ್ಕಿದರೆ ಎರಡು ಗಂಟೆಯೊಳಗೆ ಒಳಗಿನ ಚರ್ಮವನ್ನು ಸುಟ್ಟುಬಿಡಬಲ್ಲದು. ಬೀಜವನ್ನು ಜರಡಿ ಹಿಡಿದು ದರ್ಜೆ ಮಾಡುವುದೇ ಕಸುಬಾಗಿರುವ ನನಗೆ ಈ ಒಂದು ಅಳತೆ ತಿಳಿದಿರಲಿಲ್ಲ.

ಹಾಗೆಂದು ಆಟವನ್ನು ನಿಲ್ಲಿಸಲಾದೀತೆ? ನಮ್ಮ ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ಮೂರು-ನಾಲ್ಕು ತಿಂಗಳು ಮಕ್ಕಳು ಮನೆಯೊಳಗೇ ಬಂದಿಗಳು. ಅಳುವ ಮಗುವಿನ ಕೈಗೆ ಮೊಬೈಲು ಕೊಡುವುದು ಸುಲಭವಾದ ಉಪಾಯ. ಎರಡು ವರ್ಷ ತುಂಬದ ಮಗುವಿಗೆ ಅದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ ಹೇಳಿದೆ. ದಿನಕ್ಕೆ ಮೂರು ಗಂಟೆಯಾದರೂ ಮೈ ಆಡಬೇಕೆಂದೂ ಹೇಳಿದೆ.

ಸೊಸೆಯ ತವರು ಕಳಸ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯನ್ನು ತಂದು, ಅದರ ಅಗಲವಾದ ಕಡೆ ಮಗುವನ್ನು ಕೂರಿಸಿ, ತುದಿ ಹಿಡಿದು ನಡುಮನೆಯ ತುಂಬ ಎಳೆದಳು. ಬೀಳದಂತೆ ಕೂರುವುದನ್ನು ಮಗು ತಾನಾಗಿಯೇ ಕಲಿತಿತು. ಹಿಟ್ಟು ನಾದುವಾಗ ಒಂದು ಮುದ್ದೆ ಅದಕ್ಕೂ ಸಲ್ಲುತ್ತದೆ. ಪಂಚೆಯಡಿ ಚೊಂಬನ್ನು ಅಡಗಿಸಿಟ್ಟರೆ ಹುಡುಕಿ ತೆಗೆದು ಕೇಕೆ ಹಾಕುತ್ತದೆ. ಕಣ್ಣಿಗೆ ಕಾಣದ ವಸ್ತುವೂ ಇದೆಯೆಂಬ ಅರಿವು ಸಣ್ಣದಲ್ಲ. ಇವು ಯಾವುವೂ ಅಂಗಡಿಯಲ್ಲಿ ಸಿಕ್ಕುವಂಥವಲ್ಲ. ವ್ಯಾಪಾರಿಯಾಗಿ ಇದನ್ನು ಬರೆಯಲು ಕೊಂಚ ಸಂಕೋಚವೇ.

ನನ್ನ ಪಾಲಿಗೆ ಬಂದದ್ದು ತಂದೆಯವರ ಕಾಲದ ಹಿತ್ತಾಳೆಯ ಅಳತೆಪಾತ್ರೆಗಳು: ಸೇರು, ಅಚ್ಚೇರು, ಪಾವು. ಮೆಟ್ರಿಕ್ ಪದ್ಧತಿ ಬಂದ ಮೇಲೆ ಅಟ್ಟ ಸೇರಿದ್ದವು. ಒಂದರೊಳಗೊಂದು ಇಡುವುದು, ಗೋಪುರ ಕಟ್ಟಿ ಕೆಡವುವುದು, ನೀರು ತುಂಬಿ ಸುರಿಯುವುದು, ಹೀಗೆ ಅವಳಿಗೆ ಅರ್ಧ ಗಂಟೆ ಸಾಲದು. ನೀರಿನಾಟಕ್ಕೆ ಬೊಗಸೆಯಷ್ಟೇ ನೀರು. ಬಕೆಟ್ಟು ಹತ್ತಿರವಿರುವುದಿಲ್ಲ, ಏಕೆಂದರೆ ಅಷ್ಟು ಚಿಕ್ಕ ಮಗು ಗೇಣು ಆಳದ ನೀರಿನಲ್ಲಿಯೂ ಮುಳುಗಬಹುದು.

ಆ ಅರ್ಧ ಗಂಟೆ ನಾನು ನೆಲದ ಮೇಲೆ ಕೂರುತ್ತೇನೆ. ಮಂಡಿ ನೋಯುತ್ತದೆ. ಮೊಬೈಲು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿರುತ್ತದೆ. ಧಾರಣೆ ಏರುವ ದಿನ ಮನಸ್ಸು ಅತ್ತ ಎಳೆಯುವುದಿಲ್ಲವೆಂದು ಹೇಳಿದರೆ ಸುಳ್ಳಾದೀತು. ಸೊಸೆ ಈಗ ಮಗುವನ್ನು ನನ್ನ ಬಳಿ ಬಿಟ್ಟು ಅಡುಗೆಮನೆಗೆ ಹೋಗುತ್ತಾಳೆ. ಆದರೂ ನಡುನಡುವೆ ಬಾಗಿಲಿನಿಂದ ಒಮ್ಮೆ ಇಣುಕಿ ನೋಡುತ್ತಾಳೆ.