ಜೊಂಡು ಕೊಯ್ಯುವ ಕಾಯಕ

ದಕ್ಷಿಣ ಬೆಂಗಳೂರಿನಲ್ಲಿ ಎಷ್ಟೋ ಕೆರೆಗಳು ಬಡಾವಣೆಗಳ ಹೆಸರುಗಳಲ್ಲಿ ಮಾತ್ರ ಉಳಿದುಕೊಂಡಿವೆ. ಬಿ.ಟಿ.ಎಂ. ಬಡಾವಣೆಯ ಮೂರು ಅಕ್ಷರಗಳಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳಗಳೆಂಬ ಮೂರು ಊರುಗಳು ಅಡಗಿವೆ. ನಡುವಣ ಊರಿನ ಹೆಸರಿನಲ್ಲಿ ಕೆರೆಯೂ ಉಂಟು, ತಾವರೆಯೂ ಉಂಟು. ಜಯನಗರದ ಮಗ್ಗುಲಲ್ಲಿ ಯಡಿಯೂರು ಕೆರೆ, ಬನಶಂಕರಿ ದೇವಾಲಯದಿಂದ ಕನಕಪುರ ರಸ್ತೆ ಹಿಡಿದು ದಕ್ಷಿಣಕ್ಕೆ ಸಾಗಿದರೆ ಸಾರಕ್ಕಿ ಕೆರೆ, ಜೆ.ಪಿ. ನಗರದ ಏಳನೆಯ ಹಂತದಲ್ಲಿ ಪುಟ್ಟೇನಹಳ್ಳಿ ಕೆರೆ. ಯಲಹಂಕದ ಕಡೆಯೂ ಇದೇ ಹೆಸರಿನ ಕೆರೆಯೊಂದಿದೆ. ನಾವು ಹೇಳಹೊರಟಿರುವುದು ಜೆ.ಪಿ. ನಗರದ ಕೆರೆಯ ಸಂಗತಿ.

ಇದು ದೊಡ್ಡ ಕೆರೆಯೇನಲ್ಲ. ವಿಸ್ತಾರ ಸುಮಾರು 13 ಎಕರೆ. ಒಮ್ಮೆ ಬತ್ತಿ, ಕಸ ಸುರಿಯುವ ತಾಣವಾಗಿದ್ದ ಇದನ್ನು ಉಳಿಸಿಕೊಳ್ಳಲೆಂದು ಸುತ್ತಲಿನ ಗೃಹಸ್ಥರೇ 2010ರಲ್ಲಿ ಒಂದು ಟ್ರಸ್ಟ್ ಕಟ್ಟಿದರು. 2011ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಕೆರೆಯ ಪಾಲನೆಯ ಹೊಣೆ ಹೊತ್ತರು. ಮಳೆಯ ನೀರೊಂದೇ ಸಾಲದಾದಾಗ, 2015ರಿಂದ ನೆರೆಯ ಸೌತ್ ಸಿಟಿ ವಸತಿ ಸಮುಚ್ಚಯದಲ್ಲಿ ಬಳಸಿ ಶುದ್ಧಗೊಳಿಸಿದ ನೀರನ್ನು ಕೆರೆಗೆ ಹಾಯಿಸುವ ಏರ್ಪಾಡಾಯಿತು. ಹೀಗೆ ಶುದ್ಧಗೊಳಿಸಿದ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಅದರಲ್ಲಿ ಸಾರಜನಕ, ರಂಜಕಗಳ ಅಂಶ ಕರಗಿ ಉಳಿದಿರುತ್ತದೆ. ನಾವು ಬಟ್ಟೆ ಒಗೆದ ಮಾರ್ಜಕವೂ, ಬಚ್ಚಲು ಶೌಚಗಳ ಶೇಷವೂ ಅದರಲ್ಲಿ ಸೇರಿರುತ್ತವೆ. ಅದನ್ನು ಹೀರಿಕೊಳ್ಳಲೆಂದು ಗಿಡಗಳನ್ನು ನೆಟ್ಟ ತೇಲುವ ದ್ವೀಪಗಳನ್ನು ಇಲ್ಲಿ ನೀರಿನ ಮೇಲೆ ಬಿಡಲಾಯಿತು.

ಇದರ ಕ್ರಮ ಸರಳವಾದುದು. ಚೌಕಟ್ಟಿನ ಮೇಲೆ ಗಿಡ ನಿಂತು, ಬೇರು ನೀರಿನೊಳಗೆ ಜೋಲುತ್ತದೆ. ಜೊಂಡಿನಂತಹ ಗಿಡಗಳು ಎಲೆಯ ಮೂಲಕ ಪಡೆದ ಗಾಳಿಯನ್ನು ಬೇರಿಗೆ ಇಳಿಸುತ್ತವೆ. ಆ ಬೇರನ್ನು ಆಶ್ರಯಿಸಿದ ಕಣ್ಣಿಗೆ ಕಾಣದ ಜೀವಾಣುಗಳು ಕೊಳೆಯನ್ನು ಒಡೆಯುತ್ತವೆ, ಒಡೆದುದನ್ನು ಗಿಡವು ಉಂಡು ಬೆಳೆಯುತ್ತದೆ. ನಮ್ಮ ಮನೆಗಳಲ್ಲಿ ಕುಡಿಯುವ ನೀರಿಗೆ ಹಾಕುವ ಲಾವಂಚದ ಬೇರೂ ಈ ಕೆಲಸದಲ್ಲಿ ಹೆಸರುವಾಸಿಯೆಂಬುದನ್ನು ತಾಯಂದಿರು ತಿಳಿದರೆ ಸಂತೋಷಪಟ್ಟಾರು.

ಹಿಮ ಸುರಿಯುವ ದೇಶಗಳಲ್ಲಿಯೂ ಗಿಡಗಳನ್ನು ಇದೇ ಕೆಲಸಕ್ಕೆ ಹಚ್ಚಿದ್ದಾರೆಂಬುದನ್ನು ಓದಿದಾಗ ನಮಗೆ ಸೋಜಿಗವಾಯಿತು. ಬೆಂಗಳೂರಿನ ಚಳಿಯ ದಾಖಲೆಯೆಂದರೆ 1884ರ ಜನವರಿಯಲ್ಲಿ ಇಳಿದ 7.8 ಡಿಗ್ರಿ ಸೆಲ್ಸಿಯಸ್. ಅದಕ್ಕೆ ಹೆದರುವ ಜೊಂಡು ಯಾವುದೂ ಇಲ್ಲ. ಆದರೆ ಕೆನಡಾದ ಉತ್ತರದ ತುದಿಯ ನೂನವುಟ್ ಪ್ರಾಂತದಲ್ಲಿ ವರ್ಷದ ಬಹುಭಾಗ ನೆಲವೇ ಹೆಪ್ಪುಗಟ್ಟಿರುತ್ತದೆ. ಅಲ್ಲಿನ ಹಲವು ಹಳ್ಳಿಗಳ ಕೊಳಚೆ ನೀರು ಹೊಂಡಗಳಲ್ಲಿ ಚಳಿಗಾಲವಿಡೀ ಮಂಜುಗಡ್ಡೆಯಾಗಿ ಕಾದಿದ್ದು, ಬೇಸಗೆಯಲ್ಲಿ ಕರಗಿದ ಮೇಲೆ ಹುಲ್ಲು ತುಂಬಿದ ಜೌಗು ನೆಲದ ಮೇಲೆ ಹರಿದು ಸೋಸಿಕೊಳ್ಳುತ್ತದೆ. ಗಿಡಕ್ಕೂ ಜೀವಾಣುವಿಗೂ ದುಡಿಮೆಗೆ ದೊರೆಯುವ ಕಾಲ ಕೆಲವೇ ವಾರಗಳು. ಅಂಟಾರ್ಕ್ಟಿಕಾದಲ್ಲಂತೂ ಅಷ್ಟೂ ಇಲ್ಲ. ಆ ಮಹಾಖಂಡಕ್ಕೆಲ್ಲ ತನ್ನವೆನ್ನಬಹುದಾದ ಹೂಬಿಡುವ ಸಸ್ಯಜಾತಿಗಳು ಎರಡೇ, ಅವೂ ನಮ್ಮ ದೇಶದ ಮೈತ್ರಿ ಮತ್ತು ಭಾರತಿ ಕೇಂದ್ರಗಳಿಂದ ಬಹುದೂರದ ಪರ್ಯಾಯದ್ವೀಪದ ಕಡೆಗೆ. 1991ರಲ್ಲಿ ಸಹಿಯಾದ ಮ್ಯಾಡ್ರಿಡ್ ಒಡಂಬಡಿಕೆಯಂತೆ ಹೊರಗಿನ ಗಿಡವನ್ನು ಅನುಮತಿಯಿಲ್ಲದೆ ಒಯ್ಯುವಂತಿಲ್ಲ. ಆದುದರಿಂದ ಅಲ್ಲಿ ಚೆಲ್ಲಿದ ಎಣ್ಣೆಯನ್ನು ಶುದ್ಧಿ ಮಾಡಲು ಅಲ್ಲಿಯ ಮಣ್ಣಿನ ಜೀವಾಣುಗಳನ್ನೇ ಪೋಷಿಸಿ ಬೆಳೆಸುತ್ತಾರೆ.

ನಮ್ಮ ಮನಸ್ಸನ್ನು ಹೆಚ್ಚು ಹಿಡಿದದ್ದು ಸ್ವೀಡನ್ನಿನ ಎನ್‌ಶೋಪಿಂಗ್ ಎಂಬ ಸಣ್ಣ ಪಟ್ಟಣದ ಪದ್ಧತಿ. 2000ದ ಸುಮಾರಿಗೆ ಅಲ್ಲಿಯವರು 75 ಹೆಕ್ಟೇರಿನಷ್ಟು ನೆಲದಲ್ಲಿ ವಿಲೋ ಗಿಡಗಳನ್ನು ಬೆಳೆಸಿದರು; ಕ್ರಿಕೆಟ್ ದಾಂಡು ಮಾಡುವ ಮರದ ಕುಲವೇ ಅದು. ಚಳಿಗಾಲದಲ್ಲಿ ಕೂಡಿಟ್ಟ ಸಾರಜನಕ ತುಂಬಿದ ಕೊಳಚೆಯ ನೀರನ್ನು ಬೇಸಗೆಯಲ್ಲಿ ಗಿಡಗಳಿಗೆ ಉಣಿಸುವುದು. ಕೆಲವು ವರ್ಷಗಳಿಗೊಮ್ಮೆ ನೆಲ ಗಟ್ಟಿಯಾಗಿರುವ ಚಳಿಯಲ್ಲಿ ಗಿಡಗಳನ್ನು ಕೊಯ್ದು, ಊರಿನ ಮನೆಗಳನ್ನು ಬೆಚ್ಚಗಿಡುವ ಕುಲುಮೆಗೆ ಹಾಕುವುದು. ಇದರಲ್ಲಿ ಗಮನಿಸತಕ್ಕುದು ಆ ಕೊಯ್ಲು. ಗಿಡವು ಕೊಳೆಯನ್ನು ನಾಶ ಮಾಡುವುದಿಲ್ಲ. ಬಹುಪಾಲನ್ನು ತನ್ನ ಒಡಲಲ್ಲಿ ಇರಿಸಿಕೊಳ್ಳುತ್ತದೆ, ಅಷ್ಟೇ. ಕೊಯ್ಯದೆ ಬಿಟ್ಟರೆ ಅದು ಕೊಳೆತು, ಉಂಡದ್ದನ್ನೆಲ್ಲ ನೀರಿಗೇ ಹಿಂದಿರುಗಿಸುತ್ತದೆ.

ಚಳಿನಾಡಿನವರಿಗೆ ಋತುವೇ ಎಚ್ಚರಿಕೆಯ ಗಂಟೆ. ನಮಗೆ ಆ ಗಂಟೆಯಿಲ್ಲ. ಹನ್ನೆರಡು ತಿಂಗಳೂ ಹಸಿರಾಗಿರುವ ಜೊಂಡನ್ನು ಕಂಡು, ಕೆರೆ ಚೆನ್ನಾಗಿದೆಯೆಂದು ಭಾವಿಸಿ, ಗಿಡ ನೆಟ್ಟ ದಿನದ ಭಾವಚಿತ್ರವನ್ನು ಗೋಡೆಗೆ ತೂಗುಹಾಕಿ ಮರೆಯುತ್ತೇವೆ. ನೆಡುವುದಕ್ಕೆ ಗಣ್ಯರು ಬರುತ್ತಾರೆ. ಕೊಯ್ಯುವುದಕ್ಕೆ ಮೊಣಕಾಲುದ್ದ ಕೆಸರಿನಲ್ಲಿ ಇಳಿಯುವವರು ಕೂಲಿಯ ಜನ, ಅವರ ಹೆಸರು ಯಾವ ಫಲಕದಲ್ಲಿಯೂ ಇರುವುದಿಲ್ಲ.

ಕಲ್ಯಾಣದಲ್ಲಿ ನುಲಿಯ ಚಂದಯ್ಯನವರು ಕೆರೆಗಿಳಿದು ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಜಂಗಮ ದಾಸೋಹ ನಡೆಸುತ್ತಿದ್ದರೆಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿರುವ ಕಥೆ. ಹಾಗೆ ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದಿತು. ಶರಣರು ಕೆಲಸ ನಿಲ್ಲಿಸಲಿಲ್ಲ. ಪ್ರವಚನಗಳಲ್ಲಿ ಈ ಪ್ರಸಂಗವನ್ನು ಲಿಂಗ ಹೆಚ್ಚೋ ಕಾಯಕ ಹೆಚ್ಚೋ ಎಂಬ ಚರ್ಚೆಗೆ ಉದಾಹರಿಸುವುದು ರೂಢಿ. ಪುಟ್ಟೇನಹಳ್ಳಿಯ ದಂಡೆಯಲ್ಲಿ ನಿಂತಾಗ ನಮಗೆ ಅದರ ಇನ್ನೊಂದು ಮುಖ ಹೊಳೆಯಿತು: ಹಗ್ಗಕ್ಕೆಂದು ಹುಲ್ಲು ಕೊಯ್ಯುವವನಿದ್ದಷ್ಟು ಕಾಲ ಕೆರೆಯೂ ಹಗುರಾಗುತ್ತಿತ್ತು. ಚಾಪೆ ಹೆಣೆಯುವವರು, ಗುಡಿಸಲಿಗೆ ಹೊದಿಸುವವರು ಹಳ್ಳಿಗಳಲ್ಲಿ ಅರಿಯದೆಯೇ ಮಾಡುತ್ತಿದ್ದುದು ಇದನ್ನೇ. ಪ್ಲಾಸ್ಟಿಕ್ ಹಗ್ಗ ಬಂದ ಮೇಲೆ ಆ ಕೈಗಳು ಕೆರೆಯಿಂದ ದೂರವಾದವು.

ಕೊಯ್ದುದು ಎಲ್ಲಿಗೆ ಹೋಗುತ್ತದೆಂಬುದು ಇನ್ನೊಂದು ಪ್ರಶ್ನೆ. ಸಂಸಾರಸ್ಥರಿಗೆ ನೇರವಾಗಿ ತಟ್ಟುವಂತಹುದು. ಮನೆಗಳ ಬಳಕೆನೀರನ್ನಷ್ಟೇ ಉಂಡ ಹುಲ್ಲನ್ನು ಕೊಳೆಸಿ ಗೊಬ್ಬರ ಮಾಡಬಹುದು. ಕಾರ್ಖಾನೆಗಳ ನೀರು ಸೇರುವ ಕೆರೆಗಳ ಮಾತು ಬೇರೆ: ಸೀಸ, ಕ್ಯಾಡ್ಮಿಯಂನಂತಹ ಲೋಹಗಳನ್ನು ಗಿಡವು ಹೀರುತ್ತದೆ, ಆ ಲೋಹಗಳು ಕೊಳೆಸಿದರೂ ಸುಟ್ಟರೂ ಇಲ್ಲವಾಗುವುದಿಲ್ಲ. ಅಂತಹ ಕೆರೆಯ ಹಸಿಹುಲ್ಲನ್ನೂ ಹೊರೆಕಟ್ಟಿ ದನಗಳಿಗೆ ಹಾಕುವ ರೂಢಿ ಈ ನಗರದಲ್ಲಿ ಇದೆ. ಹುಲ್ಲು ಬೆಲೆಯಿಲ್ಲದೆ ಸಿಗುವಾಗ ಬಡ ಗೌಳಿಗನನ್ನು ದೂರಿ ಫಲವಿಲ್ಲ. ಆದರೆ ಆ ಹಸುವಿನ ಹಾಲು ಬೆಳಗ್ಗೆ ಬರುವುದು ನಮ್ಮ ಮನೆಗಳ ಬಾಗಿಲಿಗೇ. ಚೊಂಬು ಹಿಡಿದು ನಿಂತ ತಾಯಿ ಹುಲ್ಲು ಯಾವ ಕೆರೆಯದೆಂದು ಅವನನ್ನು ಕೇಳಬಹುದು.